ಅತ್ತೆಯ ಕಪ್ಪು ಬೆರಳುಗಳು

ಹನ್ನೆರಡು ವರ್ಷ! ತಿಂಗಳುಗಟ್ಟಲೆ ಯಂತ್ರದ ಉಸಿರಿನಲ್ಲೇ ಮಲಗಿರುವ ರೋಗಿಗಳ ವಾರ್ಡೊಂದು ಮಂಗಳೂರಿನಲ್ಲಿದೆ, ಅಲ್ಲಿ ನಾನು ನರ್ಸು. ಗಂಟಲಿಗೆ ಕೊಳವೆ ಹಾಕಿರುವುದರಿಂದ ಅಲ್ಲಿ ಯಾರೂ ಮಾತಾಡುವುದಿಲ್ಲ. ಬರೀ ಕಣ್ಣು ನೋಡಿ ಅವರ ಮನಸ್ಸು ಓದುತ್ತೇನೆ ಎಂಬ ಜಂಬ ನನಗೆ. ಹಾಗಾಗಿ ಬೆಳ್ಳಾರೆಯ ಗಂಡನ ಮನೆಯಲ್ಲಿರುವ ಅತ್ತೆ ನ್ಯುಮೋನಿಯಾ ವಾಸಿಯಾಗಿ ಪುತ್ತೂರಿನ ಆಸ್ಪತ್ರೆಯಿಂದ ಮನೆಗೆ ಬಂದಾಗ, ರಜೆ ಹಾಕಿ ಓಡಿ ಬಂದೆ.

"ಅತ್ತೆ, ಒಂದು ತಿಂಗಳು ಅಡುಗೆಮನೆ ಕಡೆ ತಲೆ ಹಾಕಿಯೂ ಮಲಗ್ಬಾರ್ದು!"

"ಮತ್ತೆ ನಾನು ಎಂತ ಮಾಡುದು?"

"ಉಸಿರಾಡುದು!"

ಗೋಡೆಗೆ ಚಾರ್ಟು ಅಂಟಿಸಿದೆ. ದಿನಕ್ಕೆ ನಾಲ್ಕು ಸಲ ಅತ್ತೆಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಬರೆದೆ. ಎರಡು ದಿನ ಎಲ್ಲವೂ ಸರಿ ಇತ್ತು.

ಮೂರನೇ ದಿನ ನಾನು ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಅತ್ತೆ ಕುತ್ತಿಗೆವರೆಗೆ ಹೊದ್ದುಕೊಂಡು ಏದುಸಿರು ಬಿಡುತ್ತಿದ್ದಾರೆ! ಕೈ ಎಳೆದರೆ ಮಂಜುಗಡ್ಡೆ. ಬೆರಳ ತುದಿ, ಉಗುರು ಎಲ್ಲ ಕಪ್ಪು. ಆಕ್ಸಿಮೀಟರ್ ಸಿಕ್ಕಿಸಿದೆ, ತೋರಿಸಿದ್ದು ಎಂಬತ್ತೊಂದು! ತೊಂಬತ್ತರ ಕೆಳಗೆ ಇಳಿದರೇ ನಮಗೆ ಗಾಬರಿ.

"ಅತ್ತೆ, ಎದೆ ಬಿಗಿ ಆಗ್ತದಾ?"

ಅತ್ತೆ ಕೈಯನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡರು. ಕಣ್ಣಲ್ಲಿ ಭಯ ಮಾತ್ರ ಸ್ಪಷ್ಟವಾಗಿ ಕಂಡಿತು.

"ಮಾತಾಡ್ಲಿಕ್ಕೆ ಆಗದಿದ್ರೆ ಬೇಡ. ಹೌದಾದ್ರೆ ಒಂದು ಸಲ ಕಣ್ಣು ಮುಚ್ಚಿ."

ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿದರು. ತೆರೆಯಲೇ ಇಲ್ಲ!

ನನ್ನ ಬೊಬ್ಬೆಗೆ ಯಜಮಾನರು ಅಂಗಳದಿಂದ ಓಡಿ ಬಂದರು. "ಎಂತ ಆಯ್ತು ಮಾರಾಯ್ತಿ? ಅಮ್ಮ ಈಗ ಬಾವಿಕಟ್ಟೆ ಹತ್ರ..."

"ನಿಮಗೆ ಇದೆಲ್ಲ ಗೊತ್ತಾಗುದಿಲ್ಲ! ಮೊದ್ಲು ಕಾರು ತೆಗೀರಿ!"

ಪುತ್ತೂರಿನ ದಾರಿಯಲ್ಲಿ ಕುಂಬ್ರ ದಾಟುವಷ್ಟರಲ್ಲಿ ನನ್ನ ಹನ್ನೆರಡು ವರ್ಷದ ಅನುಭವವೆಲ್ಲ ಇಳಿದು ಹೋಗಿ, ಸೊಸೆಯೊಬ್ಬಳು ಮಾತ್ರ ಉಳಿದಿದ್ದಳು. ಮದುವೆಯಾದ ದಿನದಿಂದ ನನಗೆ ಒಂದು ಕೆಟ್ಟ ಮಾತೂ ಆಡಿದವರಲ್ಲ ಅತ್ತೆ. ದೇವರೇ, ಇವರನ್ನು ಉಳಿಸಿಕೊಡು ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಇನ್ನೂ ಇಸ್ತ್ರಿಯ ಮಡಿಕೆ ಹೋಗದ ಹೊಸ ಯೂನಿಫಾರ್ಮಿನ ನರ್ಸು ಹುಡುಗಿಯೊಬ್ಬಳು ಡ್ಯೂಟಿಯಲ್ಲಿದ್ದಳು. ನಾನು ಗಂಭೀರವಾಗಿ ವರದಿ ಒಪ್ಪಿಸಿದೆ: "ರೋಗಿಯು ಮಾತಿಗೆ ಸ್ಪಂದಿಸುತ್ತಿಲ್ಲ. ಬೆರಳುಗಳು ಕಪ್ಪಾಗಿವೆ. ಹನ್ನೆರಡು ವರ್ಷಗಳ ಅನುಭವದ ಆಧಾರದಲ್ಲಿ ಹೇಳುತ್ತಿದ್ದೇನೆ, ಸ್ಥಿತಿ ಗಂಭೀರ!"

ಆಕೆ ಅತ್ತೆಯ ಬೆರಳನ್ನು ತಿರುಗಿಸಿ ನೋಡಿದಳು. ಕೈಬೆರಳಿನ ಯಂತ್ರವನ್ನು ತೆಗೆದು ಕಾಲಿನ ಬೆರಳಿಗೆ ಸಿಕ್ಕಿಸಿದಳು. ತೊಂಬತ್ತೆಂಟು!

"ಅಮ್ಮಾ, ಬಾಳೆಹೂವು ಕೊಯ್ದದ್ದಾ?"

ಅತ್ತೆ ಒಂದು ಕಣ್ಣು ತೆರೆದರು. "ಹೌದು ಮಗಾ. ಕೈಗೆ ಎಣ್ಣೆ ಹಚ್ಚಲಿಕ್ಕೆ ಮರ್ತೇ ಹೋಯ್ತು. ಸೊನೆಯ ಕಲೆ ಉಂಟಲ್ಲ, ಬಾವಿಕಟ್ಟೆಯಲ್ಲಿ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಇವಳು ಬಚ್ಚಲಿಂದ ಬರುವ ಶಬ್ದ ಆಯ್ತು, ಓಡಿ ಬಂದು ಮಲಗಿದೆ."

ಏದುಸಿರು, ತಣ್ಣಗಿನ ಕೈ, ಕಪ್ಪು ಬೆರಳು, ಭಯದ ಕಣ್ಣು! ಎಲ್ಲದಕ್ಕೂ ಕಾರಣ ಸಿಕ್ಕಿತು. ಸೊನೆಯ ಕಲೆ, ತಣ್ಣಗಿನ ಬೆರಳು ಸೇರಿ ಯಂತ್ರವನ್ನೂ ಮೋಸ ಮಾಡಿದ್ದವು. ಅತ್ತೆಗೆ ಇದ್ದದ್ದು ರೋಗದ ಭಯವಲ್ಲ, ನನ್ನ ಭಯ!

"ಕಾರಲ್ಲಾದ್ರೂ ಹೇಳ್ಬಾರ್ದಿತ್ತಾ ಅತ್ತೆ?"

"ಕಣ್ಣು ಮುಚ್ಚಲಿಕ್ಕೆ ಹೇಳಿದ್ದು ನೀನು. ತೆರೀಲಿಕ್ಕೆ ಹೇಳ್ಲೇ ಇಲ್ಲ! ಕ್ಯಾಂಟೀನು ಊಟದಲ್ಲಿ ಬಾಯಿ ಕೆಟ್ಟಿದೆ ಅಂತ ಮೊನ್ನೆ ಹೇಳಿದ್ಯಲ್ಲ, ನಿನಗೇ ಅಂತ ಪಲ್ಯ ಮಾಡ್ಲಿಕ್ಕೆ ಹೊರಟದ್ದು."

ಡಾಕ್ಟರು ಎದೆ ಪರೀಕ್ಷಿಸಿ, ಶ್ವಾಸಕೋಶ ಚೆನ್ನಾಗಿದೆ ಎಂದರು. ಹೋದ ಜೀವ ಬಂದಂತಾಯಿತು. ಅತ್ತೆಯನ್ನು ತಬ್ಬಿಕೊಂಡು ನಗುತ್ತಾ ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಉಳಿದ ಬಾಳೆಹೂವನ್ನು ಯಜಮಾನರು ಎಣ್ಣೆ ಹಚ್ಚಿಕೊಂಡೇ ಕೊಯ್ದರು. ಅತ್ತೆ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟಂತೆ ನಾನು ಒಗ್ಗರಣೆ ಹಾಕಿದೆ. ಊಟಕ್ಕೆ ಕುಳಿತಾಗ ಅತ್ತೆ ಗದರಿಸಿದರು: "ಇನ್ನು ಒಂದು ತಿಂಗಳು ನೀನು ಆ ಯಂತ್ರದ ಕಡೆ ತಲೆ ಹಾಕಿಯೂ ಮಲಗ್ಬಾರ್ದು! ಗೊತ್ತಾಯ್ತಾ?"

ಬಾಯಿ ತುಂಬ ಪಲ್ಯ. ಮಾತಾಡಲು ಆಗಲಿಲ್ಲ. ಹೌದೆಂದು ಒಂದು ಸಲ ಕಣ್ಣು ಮುಚ್ಚಿದೆ.