ಎಡಗಡೆ ಸೀಟಿನ ಮೇಷ್ಟ್ರು

ಈ ಸಲ ಯಾರ ಮುಲಾಜಿಗೂ ಬೀಳುವುದಿಲ್ಲ ಎಂದು ವಿಮಾನ ಹತ್ತುವ ಮೊದಲೇ ತೀರ್ಮಾನಿಸಿದ್ದೆ. ಹೋಗುವುದು, ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ಅಳೆಯುವುದು, ಪಾಸೋ ಫೇಲೋ ಮುಖಕ್ಕೆ ಹೇಳಿ ಬರುವುದು. ಅಷ್ಟೇ!

ಆ ಮನುಷ್ಯ ಎಂದರೆ ನನ್ನ ಅಮ್ಮನ ಹೊಸ ಗಂಡ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದ ಮೇಲೆ ಅಮ್ಮ ವಿದೇಶದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಅಲ್ಲಿ ಕಣ್ಣು ಮಂಜಾಗುತ್ತಿದೆಯೆಂದು ನಮ್ಮ ಭಾಷೆಯವರದೇ ಒಂದು ಕನ್ನಡಕದ ಅಂಗಡಿಗೆ ಹೋದಳು. ಮೊದಲು ಕನ್ನಡಕ ತಂದಳು. ಆಮೇಲೆ ಅಂಗಡಿಯ ಯಜಮಾನರನ್ನೇ ತನ್ನ ಯಜಮಾನರನ್ನಾಗಿ ಮಾಡಿಕೊಂಡಳು! ಮದುವೆಗೆ ನಾನು ಹೋಗಲಿಲ್ಲ. ಕೆಲಸ ಜಾಸ್ತಿ ಎಂದೆ. ನಿಜ ಹೇಳಬೇಕೆಂದರೆ ಜಾಸ್ತಿ ಇದ್ದದ್ದು ಮುನಿಸು.

ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಗೇರ್ ಹಾಕುವುದನ್ನು ನೋಡಿಯೇ ಮನುಷ್ಯ ಎಂಥವನೆಂದು ಹೇಳಬಲ್ಲೆ. ನಮ್ಮೂರಿನ ಅರ್ಧ ಜನಕ್ಕೆ ಕಾರು ಕಲಿಸಿದವನು ನಾನೇ. ಇನ್ನರ್ಧ ಜನ ಅವರಿಗೆ ಹೆದರಿ ಮನೆಯಿಂದ ಹೊರಗೆ ಬರುವುದಿಲ್ಲ. ನನ್ನ ಕೈಯಲ್ಲಿ ಕಲಿಯದೇ ಉಳಿದ ಏಕೈಕ ಶಿಷ್ಯೆ ಎಂದರೆ ಅಮ್ಮ. ಒಂದಷ್ಟು ದಿನ ಹೆಣಗಾಡಿ, "ಅಮ್ಮಾ, ಈ ಜನ್ಮದಲ್ಲಿ ನಿನ್ನ ಕೈಲಿ ಆಗಲ್ಲ" ಎಂದು ಕೈ ಮುಗಿದಿದ್ದೆ.

ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಚ್ಚರಿಸಿದಳು.

"ರೀ, ಅಲ್ಲಿ ಹೋಗಿ ಮೇಷ್ಟ್ರಾಗ್ಬೇಡಿ. ಮಗನಾಗಿದ್ರೆ ಸಾಕು."

"ಮಗ ಅಂತ್ಲೇ ಹೋಗ್ತಿರೋದು ಕಣೇ! ಮಗ ಪರೀಕ್ಷೆ ಮಾಡ್ದೆ ಇನ್ಯಾರು ಮಾಡ್ಬೇಕು?"

"ಪರೀಕ್ಷೆ ಮಾಡೋಕೆ ಹೋಗಿ, ನೀವೇ ಫೇಲಾಗಿ ಬಂದೀರಿ. ಹುಷಾರು!"

ಹೆಂಡತಿಯ ಬಾಯಿಗೆ ಯಾರಾದರೂ ಆಗಲೇ ಸಕ್ಕರೆ ಹಾಕಿ ಮುಚ್ಚಬೇಕಿತ್ತು.

ವಿಮಾನ ನಿಲ್ದಾಣಕ್ಕೆ ಕನ್ನಡಕದವರೂ ಅವರ ಮಗಳೂ ಬಂದಿದ್ದರು. ಮಗಳು ಶಿಶುವಿಹಾರದ ಟೀಚರ್. ನನ್ನನ್ನು ಕಂಡದ್ದೇ "ಅಣ್ಣಾ!" ಎಂದು ಓಡಿ ಬಂದು ಕೈಯಲ್ಲಿದ್ದ ಚೀಲ ಕಿತ್ತುಕೊಂಡಳು. ಒಂಟಿ ಮಗನಾಗಿ ಬೆಳೆದವನಿಗೆ ಇಷ್ಟು ವಯಸ್ಸಾದ ಮೇಲೆ ದಿಢೀರನೆ ತಂಗಿ! ಮುಖ ಗಂಟಿಕ್ಕಿಕೊಂಡೇ ಇರಬೇಕೆಂದು ಬಹಳ ಪ್ರಯತ್ನಪಟ್ಟೆ. ಗಂಟು ನಿಲ್ಲಲಿಲ್ಲ.

ಕನ್ನಡಕದವರು ಕಾರು ಓಡಿಸಿದರು. ನಾನು ಮನಸ್ಸಿನಲ್ಲೇ ಮಾರ್ಕ್ಸ್ ಹಾಕುತ್ತಾ ಕೂತೆ. ಕನ್ನಡಿ ನೋಡಿದರು, ಸಿಗ್ನಲ್ ಕೊಟ್ಟರು, ರಸ್ತೆ ದಾಟುವ ಅಜ್ಜಿಗೆ ನಿಲ್ಲಿಸಿ ಕೈ ಬೇರೆ ಬೀಸಿದರು. ದಾರಿಯುದ್ದಕ್ಕೂ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಇಂಥವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ!

ಮಾರನೆಯ ಬೆಳಿಗ್ಗೆ ಹಾಲು ಮುಗಿದಿತ್ತು. ನನ್ನ ವಿದ್ಯೆ ತೋರಿಸಲು ಇದೇ ಸಮಯವೆಂದು ಎದ್ದು ನಿಂತೆ.

"ಕಾರಿನ ಕೀ ಕೊಡಿ, ಸಾರ್. ಹಾಲು ನಾನು ತರ್ತೀನಿ."

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. "ಬೇಡ ಕಣೋ! ಆ ಕಾರು ಮಾತ್ರ ಮುಟ್ಬೇಡ!"

"ಯಾಕಮ್ಮಾ? ನಾನೇನು ಎಲ್‌ ಬೋರ್ಡಾ?"

"ಓಡಿಸ್ಲಿ ಬಿಡೇ, ಮೇಷ್ಟ್ರು ಅವ್ರು" ಎಂದು ಕನ್ನಡಕದವರು ಕೀ ಕೊಟ್ಟು, ನನ್ನ ಪಕ್ಕದಲ್ಲೇ ಬಂದು ಕೂತರು.

ಇಲ್ಲಿ ಸ್ವಲ್ಪ ವಿವರಣೆ ಕೊಡಬೇಕು. ನನ್ನ ಮಾನ ಅಲ್ಪಸ್ವಲ್ಪ ಉಳಿದಿದ್ದರೆ ಅದರಲ್ಲೇ! ಆ ದೇಶದಲ್ಲಿ ಸ್ಟೀರಿಂಗ್ ಎಡಗಡೆ ಇರುತ್ತದೆ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂರುವವನು ಮೇಷ್ಟ್ರು, ಅಂದರೆ ನಾನು. ಬಲಗಡೆ ಶಿಷ್ಯ. ಮೇಷ್ಟ್ರ ಕಾಲ ಕೆಳಗೆ ಎರಡೇ ಪೆಡಲು. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್. ಇಪ್ಪತ್ತು ವರ್ಷದಿಂದ ನಾನು ಕೂತಿರುವುದು ಅದೇ ಸೀಟಿನಲ್ಲಿ, ಒತ್ತಿರುವುದು ಅವೆರಡನ್ನೇ. ಕನ್ನಡಕದವರ ಕಾರಿನಲ್ಲೂ ಎಡಗಡೆ ಕೂತೆ. ಬಗ್ಗಿ ನೋಡಿದರೆ ಎರಡೇ ಪೆಡಲು! ಆಹಾ, ತವರುಮನೆಗೆ ಬಂದಷ್ಟು ಹಿತವಾಯಿತು. ಅದು ಗೇರ್ ತಾನಾಗಿಯೇ ಬದಲಾಗುವ ಕಾರು, ಅದರಲ್ಲಿ ಕ್ಲಚ್ಚೇ ಇಲ್ಲ, ಎಡಗಡೆಯದು ಬ್ರೇಕು, ಬಲಗಡೆಯದು ಆಕ್ಸಿಲರೇಟರ್ ಎಂಬುದು ನನ್ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಕಾರು ಗ್ಯಾರೇಜಿನ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಹಿಂದಕ್ಕೆ ಹೋಗಬೇಕಲ್ಲ, ಗೇರಿನ ಹಿಡಿಯನ್ನೂ ಹಿಂದಕ್ಕೆ ಎಳೆದೆ. ಎಡಗಾಲನ್ನು ನಿಧಾನವಾಗಿ ಬಿಟ್ಟೆ. ಕಾರು ಮುಂದಕ್ಕೆ ತೆವಳಿತು! ಅಂಥ ಕಾರಿನಲ್ಲಿ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದರೆ ಅದು ಮುಂದಕ್ಕೆ ಹೋಗುವ ಗೇರಂತೆ. ತಕ್ಷಣ ಮೇಷ್ಟ್ರು ಜಾಗೃತರಾದರು. ಬಲಗಡೆ ತಿರುಗಿ ಕನ್ನಡಕದವರಿಗೆ ಗದರಿದೆ.

"ಬ್ರೇಕ್ ಒತ್ರೀ! ಬ್ರೇಕು!"

"ನನ್ನ ಹತ್ರ ಇಲ್ಲ" ಎಂದರು ಅವರು ಬಹಳ ಮರ್ಯಾದೆಯಿಂದ.

"ಎಷ್ಟು ಸಲ ಹೇಳ್ಕೊಡ್ಬೇಕ್ರೀ ನಿಮ್ಗೆ!" ಎಂದು ಅಬ್ಬರಿಸಿ, ದಡ್ಡ ಶಿಷ್ಯನನ್ನು ಕಾಪಾಡುವ ಮಹಾಗುರುವಿನಂತೆ ನಾನೇ ಬಲಗಾಲಿನಿಂದ "ಬ್ರೇಕ್" ಅನ್ನು ಪೂರ್ತಿ ತುಳಿದೆ.

ಮುಂದೇನಾಯಿತೆಂದು ಗ್ಯಾರೇಜಿನ ಬಾಗಿಲನ್ನು ಕೇಳಬೇಕು. ಅದು ಕಾರಿನ ಮೂತಿಯ ಮೇಲೆ ಶಾಲಿನಂತೆ ಬಿದ್ದಿತ್ತು. ಒಳಗಿನ ಕಪಾಟಿನಿಂದ ಬಣ್ಣದ ಡಬ್ಬಗಳು ಒಂದೊಂದಾಗಿ ಬಾನೆಟ್ಟಿನ ಮೇಲೆ ಉರುಳಿದವು. ಕನ್ನಡಕದವರ ಕನ್ನಡಕ ಹಾರಿ ನನ್ನ ಮಡಿಲಿಗೆ ಬಿತ್ತು. ಅದನ್ನು ಹುಡುಕಿ ಹಾಕಿಕೊಂಡು, ಮುಂದೆ ನೋಡಿ ಅವರು ಹೇಳಿದ್ದು ಇಷ್ಟೇ:

"ಪರ್ವಾಗಿಲ್ಲ. ಈ ಬಾಗ್ಲು ಬದ್ಲಾಯಿಸ್ಬೇಕು ಅಂತ ನಾನೂ ಅಂದ್ಕೊಳ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಹೇಗೆ ತಡೆದುಕೊಳ್ಳುವುದು?

ಅಮ್ಮ ಮಾತ್ರ ಬೈಯಲೂ ಇಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ನಾಳಿದ್ದು ನನ್ನ ಡ್ರೈವಿಂಗ್ ಟೆಸ್ಟು ಕಣೋ" ಎಂದಳು. "ಈ ಕಾರಲ್ಲೇ ಕಲ್ತಿದ್ದು. ಪಾಸಾಗಿ ನಿನ್ನ ನಾನೇ ಏರ್‌ಪೋರ್ಟಿಗೆ ಬಿಡ್ಬೇಕು ಅಂತಿದ್ದೆ."

"ನಂಗ್ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಗ್ತಿದ್ದೆ."

ನಿಜ. ನಗುತ್ತಿದ್ದೆ. ಆವತ್ತು ಮಾತ್ರ ಅಳು ಬರುವಷ್ಟು ಸಂಕಟವಾಯಿತು.

ಉಳಿದದ್ದು ತಂಗಿಯ ಪುಟಾಣಿ ಕಾರು. ಅದನ್ನು ಅಮ್ಮ ಒಂದು ದಿನವೂ ಮುಟ್ಟಿರಲಿಲ್ಲ. ಅಂದು ಸಂಜೆಯೇ ಬಾಗಿಲು ಹಾಕಿದ್ದ ಒಂದು ದೊಡ್ಡ ಅಂಗಡಿಯ ಖಾಲಿ ಅಂಗಳದಲ್ಲಿ ಅಭ್ಯಾಸ ಶುರು. ಹಿಂದಿನ ಸೀಟಿನಲ್ಲಿ ನಾನೂ ಬರುತ್ತೇನೆಂದು ಗೋಗರೆದೆ. ತಂಗಿ ಷರತ್ತು ಹಾಕಿದಳು.

"ಅಣ್ಣಾ, ಚಪ್ಪಲಿ ಬಿಚ್ಚಿ, ಕಾಲು ಮೇಲೆ ತಗೊಂಡು ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ. ಬಾಯಿ ಮೇಲೆ ಬೆರಳು!"

ಊರಿಗೆಲ್ಲ ಕಾರು ಕಲಿಸಿದ ಮಹಾಶಯ ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ, ಬಾಯಿ ಮೇಲೆ ಬೆರಳಿಟ್ಟು ಕೂತ!

ಕಾರು ಹೊರಟಿತು. ಅಮ್ಮನ ಪಕ್ಕದಲ್ಲಿ ಕನ್ನಡಕದವರು ಮಾಡಿದ ಮೊದಲ ಕೆಲಸವೆಂದರೆ ಕನ್ನಡಕ ತೆಗೆದು ಜೇಬಿಗಿಟ್ಟದ್ದು! ಅದಿಲ್ಲದೆ ಅವರಿಗೆ ಮಾರು ದೂರದ ಮನುಷ್ಯನೂ ಕಾಣುವುದಿಲ್ಲ.

ನಾನು ಬೆರಳು ತೆಗೆದೆ. "ಸಾರ್, ಕನ್ನಡಕ!"

"ಈ ಅಂಗಳದಲ್ಲಿ ನಾನು ಹೀಗೇ ಕೂರೋದು. ಕಂಡ್ರೆ ತಾನೇ ಕಿರ್ಚೋದು?" ಎಂದರು. "ಅವಳಿಗೆ ಚೆನ್ನಾಗೇ ಕಾಣ್ಸುತ್ತೆ. ಕನ್ನಡಕ ಮಾಡಿಕೊಟ್ಟಿದ್ದು ನಾನೇ ಅಲ್ವಾ?"

ಅಮ್ಮ ಮೊದಲ ಸುತ್ತಿನಲ್ಲಿ ಕುಲುಕಿದಳು, ಎರಡನೆಯದರಲ್ಲಿ ಅರ್ಧ ಕುಲುಕಿದಳು. ಆಮೇಲೆ ಕಾರು ನೀರಿನಂತೆ ಹರಿಯಿತು. ನನಗೆ ಅಚ್ಚರಿ ತಡೆಯಲಾಗಲಿಲ್ಲ.

"ಅಮ್ಮಾ, ನಾನು ಕಲಿಸ್ದಾಗ ನಿಂಗೆ ಬ್ರೇಕ್ ಎಲ್ಲಿದೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ!"

"ಬ್ರೇಕೆಲ್ಲ ನೀನೇ ಒತ್ತಿಬಿಡ್ತಿದ್ದೆ. ನಂಗೆ ಒತ್ತೋಕೆ ಎಲ್ಲಿ ಬಿಟ್ಟೆ?" ಎಂದಳು ಎದುರಿನಿಂದ ಕಣ್ಣು ತೆಗೆಯದೆ.

ನಾನು ಬೆರಳನ್ನು ತಿರುಗಿ ಬಾಯಿ ಮೇಲಿಟ್ಟುಕೊಂಡೆ.

ಟೆಸ್ಟಿನ ದಿನ ನಾನು ಆ ಕಡೆ ತಲೆ ಹಾಕಕೂಡದೆಂದು ಅಪ್ಪಣೆಯಾಯಿತು. ಅವರೆಲ್ಲ ಹೋದರು. ನಾನು ಗ್ಯಾರೇಜಿನಲ್ಲಿ ಬಣ್ಣ ಒರೆಸುತ್ತಾ ಉಳಿದೆ. ಹೆಂಡತಿ ಫೋನ್ ಮಾಡಿದಳು.

"ಏನ್ರೀ, ಅವ್ರಿಗೆ ಮಾರ್ಕ್ಸ್ ಹಾಕಿದ್ರಾ?"

"ಇಲ್ಲ ಕಣೇ. ಗ್ಯಾರೇಜಿಗೆ ಹೊಸ ಬಾಗ್ಲು ಹಾಕಿಸ್ತಿದೀನಿ."

ಅಷ್ಟರಲ್ಲಿ ಹೊರಗೆ ಹಾರ್ನ್ ಒಂದೇ ಸಮನೆ ಬಡಿದುಕೊಂಡಿತು. ಪುಟಾಣಿ ಕಾರಿನ ಎಡಗಡೆ ಸೀಟಿನಲ್ಲಿ ಅಮ್ಮ! ಪಾಸು, ಅದೂ ಮೊದಲನೇ ಸಲಕ್ಕೇ! ನಾನು ಬಣ್ಣದ ಕೈಯಲ್ಲೇ ಓಡಿ ಅವಳನ್ನು ಅಪ್ಪಿಕೊಂಡೆ. ಅವಳ ಹೊಸ ಸೀರೆ ಹಾಳಾಯಿತು. ಅದಕ್ಕೂ ಕನ್ನಡಕದವರು "ಪರ್ವಾಗಿಲ್ಲ" ಎಂದರು. ಅಮ್ಮ ಮಾತ್ರ ಅನ್ನಲಿಲ್ಲ.

ನಾನು ಹೊರಡುವ ದಿನ ಅಮ್ಮನೇ ಏರ್‌ಪೋರ್ಟಿಗೆ ಕರೆತಂದಳು. ಪಕ್ಕದಲ್ಲಿ ಕನ್ನಡಕದವರು ನೆಮ್ಮದಿಯಾಗಿ ನಿದ್ದೆ ಹೋಗಿದ್ದರು. ಹಿಂದೆ ತಂಗಿಯ ಜೊತೆ ನಾನು. ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲವೆಂದು ಅವಳು ತನ್ನ ಶಿಶುವಿಹಾರದ ಮಕ್ಕಳಿಗೆ ಕೊಡುವ ಬಂಗಾರದ ಬಣ್ಣದ ನಕ್ಷತ್ರವೊಂದನ್ನು ನನ್ನ ಅಂಗಿಗೆ ಅಂಟಿಸಿದಳು. ನನಗೆ ಬಹಳ ಹೆಮ್ಮೆಯಾಯಿತು.

ಅಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಏನಪ್ಪಾ ಮೇಷ್ಟ್ರೇ, ನಮ್ಮನೆಯವ್ರು ಪಾಸೋ ಫೇಲೋ? ಅದಕ್ಕೇ ಬರ್ತಿದೀಯ ಅಂತ ನಿನ್ನ ಹೆಂಡ್ತಿ ಮೊದ್ಲೇ ಹೇಳಿದ್ಲು."

ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಪಾಸಮ್ಮ" ಎಂದೆ. "ಫಸ್ಟ್ ಕ್ಲಾಸು. ನೀನೂ ಅಷ್ಟೇ."

"ನಿಜವಾಗ್ಲೂ?"

"ನಿಜವಾಗ್ಲೂ. ಇನ್ಮೇಲೆ ನಿನ್ನ ವಿಷ್ಯದಲ್ಲಿ ನಂಗೆ ಒಂಚೂರೂ ಭಯ ಇಲ್ಲ."

"ಹಾಗಿದ್ರೆ ನನ್ನ ಸೀಟಿನ ಬೆನ್ನಿಂದ ಆ ಕಾಲು ತೆಗೆದು ಇಳಿಯೋ" ಎಂದಳು ಅಮ್ಮ. "ನೀನು ಬ್ರೇಕ್ ಒತ್ಕೊಂಡೇ ಕೂತಿದೀಯ, ನಾನು ಕಾರು ನಿಲ್ಸಿ ಆಗ್ಲೇ ಎಷ್ಟೋ ಹೊತ್ತಾಯ್ತು!"