ಅರ್ನೆಸ್ಟೀನಳ ಸಣ್ಣ ಉರಿ

ಮೇವಿಸ್ ಕಾಫಿಗೆ ನೀರಿಟ್ಟು, ಹಾಸಿಗೆ ಮಡಚಿ, ತಲೆ ಬಾಚಿಕೊಂಡು, ಹೊರಗೆ ಹೋಗಿ ಪಕ್ಕದ ಗಾಡಿಯ ನಾಯಿಯನ್ನು ಮಾತಾಡಿಸಿಕೊಂಡು ಬಂದರೂ ನೀರು ಉಗುರುಬೆಚ್ಚಗೇ ಇತ್ತು. ಒಲೆ ಹತ್ತಿರಲಿಲ್ಲ ಅನ್ನುವ ಹಾಗಿಲ್ಲ, ಹತ್ತಿತ್ತು. ಆದರೆ ಎಂಥ ಉರಿ ಅಂತೀರಿ, ಹುಟ್ಟುಹಬ್ಬದ ಮೇಣದಬತ್ತಿ ಕೂಡ ಅದನ್ನು ನೋಡಿ ಅಯ್ಯೋ ಪಾಪ ಅನ್ನಬೇಕು.

"ಎಲ್ಡನ್, ಈ ನೀರು ಕುದಿಯೋದು ಈ ಚಳಿಗಾಲಕ್ಕೋ, ಮುಂದಿನ ಚಳಿಗಾಲಕ್ಕೋ?"

ಎಲ್ಡನ್ ಒಲೆಯ ಮುಂದೆ ಮಂಡಿಯೂರಿ ಕೂತ. ಮಂಡಿ ಲಟಕ್ ಅಂದಿತು. ಅವನಿಗೆ ಬೇಜಾರೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ಏನೇ ಕೆಡಲಿ, ಯಾಕೆ ಕೆಟ್ಟಿತು ಅಂತ ಬಿಚ್ಚಿ ನೋಡದೆ ಇರಲಾರದ ಜೀವ ಅದು. (ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುತ್ತಾನೆ ಅಂತ ನಾನು ಹೇಳಲಿಲ್ಲ.)

"ಗ್ಯಾಸ್ ಟ್ಯಾಂಕಿನಲ್ಲಿದೆ. ಒಲೆಗೆ ಬರ್ತಿಲ್ಲ. ಹಾಗಾದ್ರೆ ಮಧ್ಯದಲ್ಲಿ ಎಲ್ಲಿ ಹೋಯ್ತು?" ಅಂದ, ಕಣ್ಣು ಅರಳಿಸಿ.

"ಎಲ್ಲಿಗಾದ್ರೂ ಹೋಗ್ಲಿ. ಭಾನುವಾರ ಎಲ್ಲರೂ ಸೇರಿ ಊಟ, ಸೋಮವಾರ ನಾವು ನದಿ ದಂಡೆಗೆ ಹೊರಡೋದು. ನನ್ನ ಪೀಚ್ ಹಣ್ಣಿನ ಪೈ ಬೇಯದಿದ್ರೆ ಈ ಗಾಡಿ ಮಾರೋಣ. ಯೂಮಾದಲ್ಲಿ ನಮ್ಮಕ್ಕನ ಮನೆ ಪಕ್ಕ ಒಂದು ಮನೆ ಖಾಲಿ ಇದೆ. ಅಲ್ಲಿ ಓವನ್ ಓವನ್ ಥರ ಇರತ್ತೆ."

ಮಾರುವುದು ಅನ್ನುವ ಮಾತು ಕೇಳಿದ್ದೇ ಎಲ್ಡನ್ ಧಡಕ್ಕನೆ ಎದ್ದು ನಿಂತ. ಮಾರಬೇಕೆಂದರೆ ಅದೇನು ಬರೀ ಗಾಡಿಯೇ? ಅದಕ್ಕೊಂದು ಹೆಸರೂ ಇತ್ತು, ಅರ್ನೆಸ್ಟೀನ್. ಮುಂದೆ ಸ್ಟೀರಿಂಗು, ಹಿಂದೆ ಹಾಸಿಗೆ, ನಡುವೆ ಅಡುಗೆಮನೆ, ಮೈತುಂಬ ಕಂದು ಪಟ್ಟೆ ಬಳಿದುಕೊಂಡ ಮುದಿ ಮೋಟಾರು ಮನೆ. ಮಿನೆಸೋಟಾದಲ್ಲಿ ಹಿಮ ಬೀಳುವ ಮುಂಚೆ ಗಂಡಹೆಂಡಿರಿಬ್ಬರೂ ಅದನ್ನು ಹತ್ತಿ ಅರಿಜೋನಾದ ಈ ಮರಳು ಬಯಲಿಗೆ ಬಂದರೆ, ವಾಪಸಾಗುವುದು ಹಿಮ ಕರಗಿದ ಮೇಲೇ. ಅದರ ಬೀಗದ ಕೈ ಸದಾ ಎಲ್ಡನ್ನನ ಸೊಂಟದ ಪಟ್ಟಿಯಲ್ಲಿ. ಮೇವಿಸ್ ಆಯಸ್ಸಿನುದ್ದಕ್ಕೂ ಶಾಲೆಯ ಬಸ್ಸು ಓಡಿಸಿದವಳು, ಹಿಮದ ರಸ್ತೆಯಲ್ಲೂ ಒಂದು ಮಗುವಿಗೂ ತರಚು ಗಾಯ ಆಗಗೊಡದವಳು. ಆದರೂ ಅವಳಿಗೆ ಅರ್ನೆಸ್ಟೀನಳ ಸ್ಟೀರಿಂಗು ಮುಟ್ಟುವ ಭಾಗ್ಯವಿಲ್ಲ. "ಅವಳದು ಸೂಕ್ಷ್ಮ ಸ್ವಭಾವ ಮೇವಿಸ್, ಕೈಯಲ್ಲಿ ಹದ ಬೇಕು" ಅನ್ನುತ್ತಿದ್ದ.

"ಭಾನುವಾರದೊಳಗೆ ರಿಪೇರಿ ಮಾಡ್ತೀನಿ. ಮಾಡದಿದ್ರೆ ನೀನು ಹೇಳಿದ್ದಕ್ಕೆ ಹೂಂ ಅಂತೀನಿ, ಸರೀನಾ?" ಎಂದು ಎದೆ ಸೆಟೆಸಿ ಸವಾಲು ಹಾಕಿಯೇ ಬಿಟ್ಟ.

"ಸರಿ. ಆಮೇಲೆ ಅದು ಇದು ಅನ್ನಬಾರದು," ಅಂದಳು ಮೇವಿಸ್.

ಗಾಡಿಯ ಪಕ್ಕದಲ್ಲಿ ಮೆಟ್ಟಿಲ ಬಳಿ ಒಂದು ಸಣ್ಣ ಬಾಗಿಲು, ಅದರೊಳಗೆ ಗ್ಯಾಸ್ ಟ್ಯಾಂಕು. ಎಲ್ಡನ್ ಅದನ್ನು ತೆರೆದದ್ದೇ ತಡ, ಅಕ್ಕಪಕ್ಕದ ಗಾಡಿಗಳಿಂದ ಗಂಡಸರು ಮಡಚುವ ಕುರ್ಚಿ ಹಿಡಿದು ಬಂದು ಅರ್ಧ ವೃತ್ತ ಕಟ್ಟಿ ಕೂತರು. ಆ ಬಯಲಿನ ರಿವಾಜೇ ಅದು. ಯಾರದೇ ಗಾಡಿಯ ಯಾವುದೇ ಬಾಗಿಲು ತೆರೆದರೂ ಸಲಹಾ ಮಂಡಳಿ ಹಾಜರು. ಕೈ ಹಾಕುವವರು ಯಾರೂ ಇಲ್ಲ, ಬಾಯಿ ಹಾಕುವವರು ಎಲ್ಲರೂ. ಮಂಡಳಿಯ ಅಧ್ಯಕ್ಷ ಎದುರು ಗಾಡಿಯ ಡ್ವೈಟ್. ಅವನಿಗೆ ಗೊತ್ತಿಲ್ಲದ ವಿಷಯ ಈ ಭೂಮಂಡಲದಲ್ಲಿ ಇಲ್ಲ ಅನ್ನುವುದು ಅವನೊಬ್ಬನಿಗೆ ಗೊತ್ತು.

"ಜೇಡ ಕಣಯ್ಯಾ," ಅಂದ ಡ್ವೈಟ್. "ಗ್ಯಾಸಿನ ವಾಸನೆ ಅಂದ್ರೆ ಜೇಡಕ್ಕೆ ಪ್ರಾಣ. ಬರ್ನರ್ ಒಳಗೆ ಬಲೆ ಕಟ್ಟಿರತ್ತೆ."

ಎಲ್ಡನ್ ಬರ್ನರುಗಳನ್ನೆಲ್ಲ ಬಿಚ್ಚಿ ಊಟದ ಮೇಜಿನ ಮೇಲೆ ಹರವಿದ. ಜೇಡ ನಿಜಕ್ಕೂ ಸಿಕ್ಕಿತು, ಸತ್ತು ಎಷ್ಟೋ ಕಾಲವಾಗಿತ್ತು. ಮಂಡಳಿ ಅದನ್ನು ಕೈಯಿಂದ ಕೈಗೆ ದಾಟಿಸಿ ಕೂಲಂಕಷವಾಗಿ ಪರಿಶೀಲಿಸಿತು. ಎಲ್ಲ ಉಜ್ಜಿ ಜೋಡಿಸಿ, ಎಲ್ಡನ್ ಹೊರಗೆ ಬಂದು ಟ್ಯಾಂಕಿನ ತಿರುಪು ಹಿಡಿದು ಭರ್ರನೆ ಒಂದೇ ಉಸಿರಿಗೆ ಪೂರ್ತಿ ತಿರುಗಿಸಿದ. ಟಕ್ ಅಂತ ಸಣ್ಣ ಸದ್ದು. ಒಳಗೆ ಹೋಗಿ ಒಲೆ ಹಚ್ಚಿದ. ಅದೇ ಸಣ್ಣ ಉರಿ.

ಈ ತಿರುಪಿನ ಕೆಲಸ ಮೊದಲು ಮೇವಿಸ್ಸಳದ್ದೇ ಆಗಿತ್ತು. ಗಾಡಿ ಹೊರಡುವಾಗ ಮುಚ್ಚುವುದು, ನಿಂತ ಮೇಲೆ ತೆರೆಯುವುದು. ಈ ಸಲ ಬಯಲಿಗೆ ಬಂದಿಳಿದ ದಿನ ಡ್ವೈಟ್ ಅದನ್ನು ಕಂಡು, "ಹೆಂಗಸರು ಅರ್ಧಂಬರ್ಧ ತಿರುಗಿಸಿ ಬಿಡ್ತಾರೆ, ಗ್ಯಾಸ್ ಸೋರತ್ತೆ, ಇದಕ್ಕೆ ಗಂಡಸಿನ ಕೈಯೇ ಬೇಕು" ಅಂದಿದ್ದ. ಅವತ್ತಿನಿಂದ ಎಲ್ಡನ್ ಅದನ್ನೂ ತನ್ನ ಖಾತೆಗೆ ಸೇರಿಸಿಕೊಂಡಿದ್ದ. ಒಂದು ಕೆಲಸ ಕಮ್ಮಿಯಾಯಿತಲ್ಲ ಅಂತ ಮೇವಿಸ್ ಬಿಟ್ಟುಕೊಟ್ಟಿದ್ದಳು.

ಜೇಡ ಅಲ್ಲದಿದ್ದರೆ ರೆಗ್ಯುಲೇಟರ್ ಅಂತ ಮಂಡಳಿ ತೀರ್ಪು ಕೊಟ್ಟಿತು. ಎಲ್ಡನ್ ಪೇಟೆಗೆ ಹೋಗಿ ಹೊಸ ರೆಗ್ಯುಲೇಟರ್ ತಂದ. ಸೋರುತ್ತದೋ ನೋಡಲು ಸೋಪಿನ ನೀರು ಬೇಕು ಅಂತ ಮೇವಿಸ್ಸಳ ಪಾತ್ರೆ ತೊಳೆಯುವ ಸೋಪನ್ನೆಲ್ಲ ಸುರಿದುಕೊಂಡು ಹೋದ. ಒಂದು ಗುಳ್ಳೆಯೂ ಏಳಲಿಲ್ಲ. ತಿರುಪು ಹಿಡಿದು ಭರ್ರನೆ ತಿರುಗಿಸಿದ. ಟಕ್. ಸಣ್ಣ ಉರಿ.

"ಏನದು ಸದ್ದು?" ಅಂತ ಮೇವಿಸ್ ಕಿಟಕಿಯಿಂದ ಕೇಳಿದಳು.

"ಯಾವ ಸದ್ದು?"

"ಟಕ್ ಅಂತು."

"ನನ್ನ ಮಂಡಿ ಇರಬೇಕು," ಅಂದ ಎಲ್ಡನ್, ತಲೆ ಎತ್ತದೆ.

ಮೇವಿಸ್ ಅವನ ಮಂಡಿಯ ಸದ್ದನ್ನು ವರ್ಷಗಟ್ಟಲೆ ಕೇಳಿದವಳು. ಮಂಡಿ ಲಟಕ್ ಅನ್ನುತ್ತದೆ, ಇದು ಟಕ್ ಅಂದಿತ್ತು. ಅವಳ ತಲೆಯೊಳಗೆ ಒಂದು ಹುಳ ಕೊರೆಯಲು ಶುರುವಾಯಿತು. ಆದರೆ ಹೊರಗೆ ಅಷ್ಟು ಜನ ವಿದ್ವಾಂಸರು ಕೂತಿರುವಾಗ ಯಾಕೆ ಬಾಯಿ ಬಿಡಬೇಕು ಅಂತ ಕಿಟಕಿ ಎಳೆದುಕೊಂಡಳು.

ಭಾನುವಾರ ಬೆಳಿಗ್ಗೆ ಎಲ್ಡನ್ನನ ಮುಖದಲ್ಲಿ ಕಳೆಯೇ ಇರಲಿಲ್ಲ. ಅರ್ನೆಸ್ಟೀನಳ ಸ್ಟೀರಿಂಗನ್ನು ಬಟ್ಟೆಯಿಂದ ಒರೆಸುತ್ತ ಸುಮಾರು ಹೊತ್ತು ಕೂತಿದ್ದ. ಬೇರೆಯವನೊಬ್ಬ ಆ ಸೀಟಿನಲ್ಲಿ ಕೂತಂತೆ ಕಣ್ಣಿಗೆ ಕಟ್ಟಿತು. ಉಳಿದಿದ್ದದ್ದು ಟ್ಯಾಂಕಿನಿಂದ ಬರುವ ಪೈಪೊಂದೇ. ಅದನ್ನೂ ಬದಲಾಯಿಸಿಬಿಡೋಣ ಅಂತ ತಿರುಪು ಮುಚ್ಚಿ, ಡ್ವೈಟನ ಗಾಡಿ ಹತ್ತಿ ಪೇಟೆಗೆ ಹೊರಟ.

ಅವರು ಎಬ್ಬಿಸಿದ ಧೂಳು ಅಡಗಿದ್ದೇ ಮೇವಿಸ್ ಹೊರಗೆ ಬಂದಳು. ಕಾಫಿಯಾದರೂ ಆಗಬೇಕಲ್ಲ. ಟ್ಯಾಂಕಿನ ತಿರುಪನ್ನು ಹಿಂದೆ ತೆರೆಯುತ್ತಿದ್ದ ಹಾಗೆಯೇ, ಎಳೆಗೂಸಿನ ಅಂಗಿಯ ಗುಂಡಿ ಬಿಚ್ಚುವಷ್ಟು ನಿಧಾನವಾಗಿ ತಿರುಗಿಸಿದಳು. ಸುಯ್ ಅಂತ ಗ್ಯಾಸು ಹರಿಯಿತು. ಟಕ್ ಅನ್ನಲಿಲ್ಲ. ಒಲೆ ಹಚ್ಚಿದಳು. ನೀಲಿ ಉರಿ ಪಾತ್ರೆಯ ತಳಕ್ಕೆ ಭಗ್ ಅಂತ ತಾಗಿತು.

"ಅರೆ," ಅಂದಳು ತನಗೆ ತಾನೇ.

ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಕಾಫಿ ಕುಡಿದು ಸುಮ್ಮನಾಗುತ್ತಿದ್ದಳು. ಮೇವಿಸ್ ಹಾಗಲ್ಲ. ತಿರುಪು ಮುಚ್ಚಿ, ಉರಿ ತಾನಾಗಿ ಆರುವವರೆಗೆ ಕಾದು, ಒಲೆ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಈ ಸಲ ಎಲ್ಡನ್ನನ ಹಾಗೆ ಭರ್ರನೆ ತಿರುಗಿಸಿದಳು. ಟಕ್. ಒಲೆ ಹಚ್ಚಿದರೆ ಉರಿ ಮೇಣದಬತ್ತಿಯಷ್ಟೇ. ಮತ್ತೆ ಮುಚ್ಚಿ, ಕಾದು, ಮೆಲ್ಲಗೆ ತೆರೆದಳು. ಉರಿ ಮೊದಲಿನ ಹಾಗೆ. ಗ್ಯಾಸ್ ಒಮ್ಮೆಗೇ ನುಗ್ಗಿದರೆ, ಎಲ್ಲೋ ಪೈಪು ಕಿತ್ತುಹೋಯಿತೇನೋ ಅಂತ ಹೆದರಿ ಒಳಗಿನ ಕಾವಲು ಬಿರಡೆ ಟಕ್ಕನೆ ಬಾಯಿ ಮುಚ್ಚಿಕೊಳ್ಳುತ್ತದೆ. ಪಾಪ, ಅದು ತನ್ನ ಕೆಲಸ ತಾನು ಮಾಡುತ್ತಿತ್ತು. ಮೇವಿಸ್ ಒಬ್ಬಳೇ ನಕ್ಕಳು, ಪೈಯನ್ನು ಓವನ್ನಿನೊಳಗೆ ತಳ್ಳಿದಳು.

ಎಲ್ಡನ್ ಪೈಪು ಹಿಡಿದು ವಾಪಸು ಬರುವ ಹೊತ್ತಿಗೆ ಬಯಲೆಲ್ಲ ಪೀಚಿನ ಘಮಘಮ. ಕುರ್ಚಿಗಳು ಆಗಲೇ ಸೇರಿದ್ದವು. ಓವನ್ನಿಗೆ ಇಣುಕಿ ಉರಿ ನೋಡಿದ ಎಲ್ಡನ್, ಹೊರಗೆ ಬರುವಷ್ಟರಲ್ಲಿ ಉತ್ತರ ಹೊಂದಿಸಿಕೊಂಡಿದ್ದ.

"ಹೊಸ ರೆಗ್ಯುಲೇಟರ್ ಕಣಯ್ಯಾ, ಹೊಂದಿಕೊಳ್ಳೋಕೆ ಟೈಮ್ ಬೇಕು. ನನಗೆ ಗೊತ್ತಿತ್ತು," ಅಂದ. ಮಂಡಳಿ ತಲೆದೂಗಿತು. ಡ್ವೈಟ್ ತನಗೂ ಗೊತ್ತಿತ್ತು ಅಂದ.

"ಹಾಗಾದ್ರೆ ನೀನೇ ಗೆದ್ದೆ," ಅಂದಳು ಮೇವಿಸ್, ತುಂಬ ವಿನಯದಿಂದ. "ಗಾಡಿ ಮಾರೋ ಮಾತಿಲ್ಲ. ಪೈ ಬೆಂದಿದೆ, ಓವನ್ ಈಗಷ್ಟೇ ಆರಿಸಿದೀನಿ. ಎಲ್ಲರ ಮುಂದೆ ಒಂದ್ಸಲ ನೀನೇ ತಿರುಪು ತೆರೆದು ಒಲೆ ಹಚ್ಚಿ ತೋರಿಸಿಬಿಡು. ಇವರೂ ಕಲೀಲಿ."

ಬೇಡ ಅನ್ನುವ ಗಂಡಸು ಇನ್ನೂ ಹುಟ್ಟಬೇಕು. ಎಲ್ಡನ್ ತಿರುಪು ಮುಚ್ಚಿ, ಪೈಪಿನಲ್ಲಿದ್ದ ಗ್ಯಾಸನ್ನು ಒಲೆಯಲ್ಲಿ ಉರಿಸಿ ಮುಗಿಸಿ, ಅಂಗಿಯ ತೋಳು ಮಡಚಿಕೊಂಡು ಭರ್ರನೆ ತೆರೆದ. ಟಕ್. ಒಳಗೆ ಹೋಗಿ ಒಲೆ ಹಚ್ಚಿದ, ಅಷ್ಟೂ ಜನ ಕಿಟಕಿಗೆ ಮುಗಿಬಿದ್ದರು. ಒಲೆಯ ಮೇಲೆ ಅದೇ ಮೇಣದಬತ್ತಿ.

ಡ್ವೈಟ್ ಮೆಲ್ಲಗೆ ತನ್ನ ಕುರ್ಚಿ ಮಡಚಿದ.

ಮೇವಿಸ್ ಕೈ ಒರೆಸಿಕೊಂಡು ಬಂದಳು. ಒಲೆ ಆರಿಸಿದಳು, ತಿರುಪು ಮುಚ್ಚಿದಳು, ಎಲ್ಲರನ್ನೂ ಕಾಯಿಸಿದಳು. ಆಮೇಲೆ ಮೆಲ್ಲಗೆ, ಇಷ್ಟಿಷ್ಟೇ, ತೆರೆದಳು. ಈ ಸಲ ಒಲೆ ಹಚ್ಚಿದವನು ಎಲ್ಡನ್ನೇ. ನೀಲಿ ಉರಿ ನೋಡಿದ, ತನ್ನ ಕೈ ನೋಡಿಕೊಂಡ. ಇಷ್ಟು ದಿನದಿಂದ ಹುಡುಕುತ್ತಿದ್ದ ಕಳ್ಳ ಅಲ್ಲೇ ಸಿಕ್ಕಿಬಿದ್ದಿದ್ದ.

"ಭರ್ರನೆ ತಿರುಗಿಸಿದ್ದಕ್ಕೇ ಆ ಟಕ್ ಸದ್ದು," ಅಂದ. ಅವಮಾನಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು ಪಾಪ. ಆಮೇಲೆ ಮಾತು ಕೊಟ್ಟದ್ದು ನೆನಪಾಗಿ ದನಿ ಇಳಿಯಿತು. "ಸರಿ ಮೇವಿಸ್. ರಿಪೇರಿ ಮಾಡಿದ್ದು ನೀನು. ಮಾರು ಅಂದ್ರೆ ಮಾರ್ತೀನಿ."

"ಇಷ್ಟು ಚೆನ್ನಾಗಿ ಬೇಯಿಸೋ ಓವನ್ ಯಾರಾದ್ರೂ ಮಾರ್ತಾರಾ? ನಾನು ಹೇಳಿದ್ದಕ್ಕೆ ಹೂಂ ಅಂತೀನಿ ಅಂತ ನೀನು ಅಂದಿದ್ದೆ, ಅಲ್ವಾ?"

"ಹೂಂ."

"ಬೀಗದ ಕೈ ಕೊಡು ಹಾಗಾದ್ರೆ. ನಾಳೆ ನದಿ ದಂಡೆಗೆ ಹೊರಡೋದು ಅಂತ ಆಗಿದೆಯಲ್ಲ, ಗಾಡಿ ನಾನು ಓಡಿಸ್ತೀನಿ. ಸೂಕ್ಷ್ಮ ಸ್ವಭಾವದವಳು ನೋಡು, ಕೈಯಲ್ಲಿ ಹದ ಬೇಕು."

ಮರುದಿನ ಮಂಡಳಿ ಪೂರ್ಣ ಹಾಜರಾತಿಯೊಂದಿಗೆ ಬೀಳ್ಕೊಡಲು ಬಂದಿತ್ತು. ಮೇವಿಸ್ ಸ್ಟೀರಿಂಗು ಹಿಡಿದು ಕೂತಳು. ಎಲ್ಡನ್ ನಕಾಶೆಯನ್ನು ತೊಡೆಯ ಮೇಲೆ ಹರವಿಕೊಂಡು ಪಕ್ಕದ ಸೀಟು ಹತ್ತಿ, ಅಭ್ಯಾಸಬಲದಿಂದ ಬಾಗಿಲನ್ನು ದಢಾರ್ ಅಂತ ಎಳೆದ. ಕೊಂಡಿ ಹಿಡಿಯದೆ ಬಾಗಿಲು ಮತ್ತೆ ತೆರೆದುಕೊಂಡಿತು.

ಮೇವಿಸ್ ಅವನ ಕಡೆ ನೋಡಿದಳು. ಎಲ್ಡನ್ ಇನ್ನೊಮ್ಮೆ ಹಾಕಿದ, ಮೆಲ್ಲಗೆ.