ನಿಡಿಯರ ಕತ್ತು

ನಲವತ್ತು ದಾಟಿದ ಮೇಲೆ ಅಂಟಿಕೊಳ್ಳುವ ಹವ್ಯಾಸವನ್ನು ಮೂಲವ್ಯಾಧಿಯ ಹಾಗೆ ಮುಚ್ಚಿಟ್ಟುಕೊಳ್ಳಬೇಕು ಎನ್ನುವುದು ನನ್ನ ಅಭಿಪ್ರಾಯ. ಎರಡನ್ನೂ ಹೇಳಿಕೊಂಡರೆ ಜನ ಮೊದಲು ನಗುತ್ತಾರೆ, ಆಮೇಲೆ ಮದ್ದು ಹೇಳುತ್ತಾರೆ. ಆದರೂ ಹೇಳುತ್ತಿದ್ದೇನೆ. ಹೊಸೂರಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನಟ್ಟು ಬೋಲ್ಟುಗಳ ನಕ್ಷೆ ಬರೆಯುವ ನಾನು, ಭಾನುವಾರಗಳಲ್ಲಿ ಬೇರೆ ಗ್ರಹದಲ್ಲಿರುತ್ತೇನೆ. ಜೂಜುವಾಡಿಯಲ್ಲಿ ಸಹೋದ್ಯೋಗಿ ಸೆಲ್ವಂ ಮನೆಯ ಹಜಾರದಲ್ಲಿ ನಾನು, ಅವನು, ವೆಲ್ಡಿಂಗಿನ ಮುನಿರಾಜು ಸೇರಿ ಒಂದು ಆಟ ಆಡುತ್ತೇವೆ. ಸೆಲ್ವಂ ಕಥೆ ನಡೆಸುತ್ತಾನೆ, ನಾವು ಪಾತ್ರಗಳಾಗುತ್ತೇವೆ, ಯಾರು ಗೆದ್ದರು ಯಾರು ಸತ್ತರು ಎಂಬುದನ್ನು ದಾಳ ಹೇಳುತ್ತದೆ. ಹೊರಗೆ ಕರ್ನಾಟಕದ ಗಡಿ ದಾಟಲು ಲಾರಿಗಳು ಹಾರನ್ನು ಒತ್ತುತ್ತಿರುತ್ತವೆ. ಒಳಗೆ ನಾವು ಸೂರ್ಯಮಂಡಲ ದಾಟಿರುತ್ತೇವೆ. ಕಥೆ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ.

ಈ ವರ್ಷ ಸೆಲ್ವಂ ಒಬ್ಬೊಬ್ಬರಿಗೂ ಒಂದೊಂದು ಅನ್ಯಲೋಕದ ಕುಲವನ್ನು ಸೃಷ್ಟಿಸುವ ಕೆಲಸ ಕೊಟ್ಟ. ನನ್ನ ಪಾಲಿಗೆ ಬಂದದ್ದು ದೈತ್ಯರು. ಮನುಷ್ಯರ ಆಕಾರವೇ, ಆದರೆ ಮನೆಯಷ್ಟು ಎತ್ತರ. ಇಬ್ಬರೂ ನಕ್ಕರು, ಏಕೆಂದರೆ ಕಾರ್ಖಾನೆಯಲ್ಲಿ ನನಗಿಂತ ಕುಳ್ಳಗಿರುವುದು ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದೇ. ನಾನು ಅವರಿಗೆ ನಿಡಿಯರು ಎಂದು ಹೆಸರಿಟ್ಟೆ. ಉದ್ದನೆಯವರು ಎಂಬರ್ಥದ ಹಳಗನ್ನಡದ ಮಾತು ಎಂದು ಹೆಮ್ಮೆಯಿಂದ ವಿವರಿಸಲು ಹೊರಟರೆ, ಸೆಲ್ವಂ ಅದು ತಮಿಳು ಎಂದ. ಅಲ್ಲಿಗೆ ಒಂದು ಭಾನುವಾರ ಮುಗಿಯಿತು.

ದೈತ್ಯನನ್ನು ಮಾಡುವುದು ಸುಲಭವೆಂದುಕೊಂಡಿದ್ದೆ. ಮನುಷ್ಯನ ಚಿತ್ರ ಬರೆದು ಎಲ್ಲ ಅಳತೆಯನ್ನೂ ನಾಲ್ಕರಿಂದ ಗುಣಿಸಿದೆ. ಮುನಿರಾಜು ನೋಡಿ, ಎತ್ತರ ನಾಲ್ಕು ಪಟ್ಟಾದರೆ ತೂಕ ಅರವತ್ತನಾಲ್ಕು ಪಟ್ಟಾಗುತ್ತದೆ, ನಿನ್ನ ದೈತ್ಯ ಎದ್ದು ನಿಂತ ಕೂಡಲೇ ಮೊಣಕಾಲು ಮುರಿದುಕೊಂಡು ಬೀಳುತ್ತಾನೆ ಎಂದ. ಸರಿ, ಗ್ರಹದ ಸೆಳೆತ ಕಡಿಮೆ ಮಾಡಿದೆ, ಮೂಳೆ ದಪ್ಪ ಮಾಡಿದೆ, ಕೈಗೆ ಈಟಿ ಕೊಟ್ಟೆ. ಸೆಲ್ವಂಗೆ ಸಮಾಧಾನವಿಲ್ಲ. ಇವರ ಕಷ್ಟವೇನು, ಸಂಕಟವಿಲ್ಲದ ಕುಲವನ್ನು ಯಾರು ನಂಬುತ್ತಾರೆ ಎಂದು ಕೇಳಿದ. ಎತ್ತರದವರ ಸಂಕಟ ನನಗೇನು ಗೊತ್ತು? ಗೊತ್ತಿದ್ದವಳು ನನ್ನ ಮನೆಯಲ್ಲೇ ಇದ್ದಳು.

ನನ್ನ ಹೆಂಡತಿ ಭಾಗ್ಯ ಅಂಚೆಟ್ಟಿಯಾಚೆಯ ನಾಟ್ರಾಂಪಾಳ್ಯದವಳು. ಹೆಣ್ಣು ನೋಡಲು ನಮ್ಮೂರು ಗುಮ್ಮಳಾಪುರದಿಂದ ನಾವು ಹೋದಾಗ ಚಾಪೆಯ ಮೇಲೆ ಕೂತಿದ್ದಳು, ನಾವು ಹೊರಡುವವರೆಗೂ ಅವಳನ್ನು ಏಳಗೊಡಲಿಲ್ಲ. ನನ್ನನ್ನೂ ನಮ್ಮವರು ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು, ಹಾಗಾಗಿ ಮೋಸ ಸಮಸಮ. ಧಾರೆಯ ಹೊತ್ತಿಗೆ ನೋಡಿದರೆ ನನ್ನ ನೆತ್ತಿ ಅವಳ ಭುಜಕ್ಕೆ ಬರುತ್ತಿತ್ತು. ಈಗ ಅವಳು ಒಂದು ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಮೇಜು ಕುಳ್ಳರ ಅಳತೆಯದು. ದಿನವಿಡೀ ಬಗ್ಗಿ ಹೂವಿನ ಕಡ್ಡಿ ಅಳೆಯುತ್ತಾಳೆ, ಸಂಜೆ ಬೆನ್ನು ಹಿಡಿದುಕೊಂಡು ಬರುತ್ತಾಳೆ.

ಒಂದು ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ, ಉದ್ದವಾಗಿರುವುದೆಂದರೆ ಹೇಗಿರುತ್ತದೆ ಎಂದು ಕೇಳಿದೆ. ಇಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಅವಳು ಸುಲಿಯುತ್ತಲೇ ಹೇಳಿದಳು. ಶಾಲೆಯಲ್ಲಿ ಎತ್ತರದವಳೆಂದು ಯಾವಾಗಲೂ ಕಡೆಯ ಬೆಂಚಿಗೆ ಹಾಕುತ್ತಿದ್ದರಂತೆ. ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ಬೋರ್ಡು ಕಾಣದೆ ಫೇಲಾದಳು, ದಡ್ಡಿ ಎಂದು ಬಿಡಿಸಿದರು. ಕಣ್ಣಿನ ವಿಷಯ ಗೊತ್ತಾದದ್ದು ಮದುವೆಯಾದ ಮೇಲೆ.

"ನಮ್ಮಪ್ಪ ತಂಗೀನ ಎತ್ಕಂಡು ಓಡಾಡ್ತಿದ್ದ," ಎಂದಳು. "ನನ್ನ ಯಾರೂ ಎತ್ಕಂಡಿದ್ದು ನೆಪ್ಪಿಲ್ಲ. ನೀನು ದೊಡ್ಡೋಳು ನಡಿ ಅನ್ನೋರು. ನಂಗೂ ಆಗ ಐದೋ ಆರೋ." ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ, "ಹೂವಾದ್ರೆ ಕಡ್ಡಿ ಉದ್ದ ಇದ್ದಷ್ಟೂ ಬೆಲೆ. ಹೆಣ್ಣಿಗೆ ಹಂಗಿಲ್ಲ ಬುಡು," ಎಂದಳು.

ನನಗೆ ಅಯ್ಯೋ ಅನ್ನಿಸಿತು. ಸತ್ಯ ಹೇಳಬೇಕೆಂದರೆ, ಆ ಮರುಕದೊಳಗೇ ಒಂದು ಸಂತೋಷವೂ ಇತ್ತು. ನನ್ನ ನಿಡಿಯರಿಗೆ ಸಂಕಟ ಸಿಕ್ಕಿತ್ತು. ಆ ಕುಲದ ಮಕ್ಕಳನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಕುಳ್ಳರ ಲೋಕದಲ್ಲಿ ಬಗ್ಗಿ ಬಗ್ಗಿ ಬೆನ್ನು ಬಾಗಿದ ಅವರನ್ನು ಕಂಡವರೆಲ್ಲ ಹುಟ್ಟಿನಿಂದಲೇ ಆಳುಗಳು ಎಂದುಕೊಳ್ಳುತ್ತಾರೆ.

ಮುಂದಿನ ಭಾನುವಾರ ಭಾಗ್ಯಳೂ ನನ್ನ ಜೊತೆ ಬಂದಳು. ಎಂದೂ ಬಾರದವಳು, ಅದೇನು ಬರೆದಿದ್ದೀಯೋ ಕೇಳುತ್ತೇನೆ ಎಂದು ಬಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ನಿಡಿಯರ ಬದುಕನ್ನು ವಿವರಿಸಿದೆ. ಮುನಿರಾಜು ಕೂಡ ಬಾಯಿ ಮುಚ್ಚಿ ಕೇಳಿದ. ಭಾಗ್ಯಳ ಮುಖ ಒಂದು ತರಹ ಅರಳಿತ್ತು, ತನ್ನ ಊರಿನ ಸುದ್ದಿ ಬೇರೆಯವರ ಬಾಯಲ್ಲಿ ಕೇಳಿದವರ ಹಾಗೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಗಂಡನೆಂದೇ ಮನೆ ಸೇರುತ್ತಿದ್ದೆ.

ಆದರೆ ಆಟದ ನಿಯಮದಂತೆ ಪ್ರತಿ ಕುಲಕ್ಕೂ ಒಂದು ದೌರ್ಬಲ್ಯ ಇರಬೇಕು. ಅದೇನು ಎಂದು ಸೆಲ್ವಂ ಕೇಳಿದ. ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅವರ ಹತ್ತಿರ ಮೆಲ್ಲಗೆ ಮಾತಾಡಿದರೆ ಕೇಳಿಸಿಕೊಳ್ಳಲು ಬಗ್ಗುತ್ತಾರೆ, ಆಗ ಕತ್ತು ಕೈಗೆ ಸಿಗುತ್ತದೆ ಎಂದೆ. ಮುನಿರಾಜು ಒಂದು ನಿಮಿಷವೂ ಕಾಯಲಿಲ್ಲ. ಅವನ ಪಾತ್ರ ನಿಡಿಯರ ಯಜಮಾನಿಯ ಬಳಿ ಹೋಗಿ ಪಿಸುಗುಟ್ಟಿತು. ಯಜಮಾನಿ ಬಗ್ಗಿದಳು. ದಾಳ ಉರುಳಿತು.

"ಮುಗೀತು ಕಣ್ಲಾ ನಿನ್ ದೈತ್ಯಮ್ಮ," ಎಂದು ಮುನಿರಾಜು ತೊಡೆ ತಟ್ಟಿದ. ಸೆಲ್ವಂ ನಕ್ಕ. ನಾನೂ ನಕ್ಕೆ. ನಗುತ್ತಲೇ ಗೋಡೆಯ ಕಡೆ ನೋಡಿದೆ. ಭಾಗ್ಯ ನಗುತ್ತಿರಲಿಲ್ಲ.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಅವಳು ನೆಟ್ಟಗೆ ಕೂತಿದ್ದಳು. ಲಾರಿಗಳ ಸದ್ದಿನ ನಡುವೆ ನಾನು ಏನೋ ಹೇಳಿದೆ. ಯಾವಾಗಲೂ ಬಗ್ಗಿ ನನ್ನ ಕಿವಿಯ ಬಳಿ ಬರುತ್ತಿದ್ದ ಅವಳ ಮುಖ ಅಂದು ಬರಲಿಲ್ಲ. ಮನೆಗೆ ಬಂದು ಬಾಗಿಲು ತೆಗೆದ ಮೇಲೆ ಹೇಳಿದಳು:

"ನೀನು ಮೆಲ್ಲಗೆ ಮಾತಾಡ್ತೀಯ, ಅದ್ಕೆ ಬಗ್ತಿದ್ದೆ. ಕತ್ತು ಕೊಡಾಕಲ್ಲ."

ಮರುದಿನವೇ ಸೆಲ್ವಂ ಹತ್ತಿರ ಹೋಗಿ ಆ ಯಜಮಾನಿಯನ್ನು ಬದುಕಿಸಿಕೊಡು ಎಂದು ಗೋಗರೆದೆ. ಬಿದ್ದ ದಾಳವನ್ನು ಎತ್ತಲಾಗದು ಎಂದ. ಯಜಮಾನಿಯಿಲ್ಲದ ನಿಡಿಯರು ಚದುರಿಹೋದರು. ಭಾಗ್ಯ ಮಾತು ಬಿಡಲಿಲ್ಲ, ಅನ್ನಕ್ಕೆ ಕೊರತೆ ಮಾಡಲಿಲ್ಲ. ಬಗ್ಗುವುದನ್ನು ಮಾತ್ರ ಬಿಟ್ಟಳು. ಶೆಡ್ಡಿನಲ್ಲಿಯೂ ಹಠ ಹಿಡಿದು ಮೇಜಿನ ಕಾಲಿನ ಕೆಳಗೆ ಇಟ್ಟಿಗೆ ಹಾಕಿಸಿಕೊಂಡಳಂತೆ. ಬೆನ್ನುನೋವು ಕಡಿಮೆಯಾಗಿದೆ ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ಸಂತೋಷಪಡಬೇಕಾದ ಸುದ್ದಿಯೇ. ಆದರೆ ಕೆಳಗೆ ನಾನೊಬ್ಬನೇ ಉಳಿದ ಹಾಗೆ ಅನ್ನಿಸುತ್ತಿತ್ತು. ನೆಟ್ಟಗೆ ನಿಂತರೆ ಅವಳು ಇಷ್ಟು ಎತ್ತರವೆಂದು, ಅಳತೆಯನ್ನೇ ನಂಬಿ ಬದುಕುವ ನನಗೆ ಗೊತ್ತೇ ಇರಲಿಲ್ಲ.

ಕಡೆಗೊಂದು ದಿನ ಧೈರ್ಯ ಮಾಡಿ ಅಡುಗೆಮನೆಗೆ ಹೋಗಿ, ಒಂದು ಮಾತು ಹೇಳಬೇಕಿತ್ತು ಎಂದೆ. ಅವಳು ಕಾಲಿನಿಂದ ಸ್ಟೂಲನ್ನು ನನ್ನ ಕಡೆ ತಳ್ಳಿದಳು. ಹತ್ತಿ ನಿಂತೆ. ನಮ್ಮಿಬ್ಬರ ಕಣ್ಣುಗಳು ಮೊದಲ ಸಲ ಒಂದೇ ಮಟ್ಟಕ್ಕೆ ಬಂದವು. ತಪ್ಪಾಯಿತು ಎಂದೆ. ಅವಳು ಅಟ್ಟದ ಕಡೆ ನೋಡಿದಳು.

"ಹೆಂಗೂ ಹತ್ತಿದ್ದೀಯ," ಎಂದಳು, "ಅಟ್ಟದ ಮ್ಯಾಲಿನ ರಾಗಿ ಡಬ್ಬ ಇಳಿಸು."

ಅಂದಿನಿಂದ ಅಟ್ಟದ ಕೆಲಸವೆಲ್ಲ ನನ್ನದು. ಹತ್ತಿ ಇಳಿದು, ಡಬ್ಬ ಎತ್ತಿ ಇಟ್ಟು ಈಗ ನನಗೆ ಬೆನ್ನುನೋವು ಶುರುವಾಗಿದೆ. ಅದನ್ನು ಅವಳಿಗೆ ಹೇಳಿಕೊಳ್ಳಬೇಕು. ಮೆಲ್ಲಗೆ ಹೇಳಿದರೆ ಅಷ್ಟು ಮೇಲಕ್ಕೆ ಕೇಳಿಸುವುದಿಲ್ಲ. ಗಟ್ಟಿಯಾಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ.